ಮಗುವಿನ ಅಳುವೂ ಹಿರಿಯರ ಪಿಸುಮಾತೂ

ದೇವಾಲಯದ ಹಿಂದಿನ ಬಾಗಿಲ ಪಕ್ಕದಲ್ಲಿ, ಗಂಡಸರ ಸಾಲಿನ ಕಡೆಯ ಬೆಂಚು ನಮ್ಮ ಸಭೆಯಲ್ಲಿ ಸಭಾಹಿರಿಯರಿಗೆಂದು ವಾಡಿಕೆಯಿಂದಲೇ ಮೀಸಲಾಗಿದ್ದಿತು. ಬರುವವರನ್ನು ಆದರಿಸಿ ಕೂರಿಸುವುದಕ್ಕೂ, ಕಾಣಿಕೆಯ ಚೀಲಗಳನ್ನು ವೇಳೆಗೆ ಸರಿಯಾಗಿ ಎತ್ತಿಕೊಳ್ಳುವುದಕ್ಕೂ ಆ ಸ್ಥಳವೇ ಅನುಕೂಲವೆಂಬುದು ಹಿಂದಿನವರ ಎಣಿಕೆಯಾಗಿದ್ದಿರಬೇಕು. ಆ ಬೆಂಚಿನ ಮೇಲೆ ನಾನು ಹದಿನಾರು ವರ್ಷ ಕುಳಿತೆನು. ಅಲ್ಲಿಂದ ನೋಡುವವನಿಗೆ ಸಭೆಯೆಲ್ಲವೂ ಬೆನ್ನಾಗಿಯೇ ಕಾಣುತ್ತದೆ. ಮುಖವನ್ನು ಕಾಣದೆ ಬೆನ್ನನ್ನೇ ನೋಡುತ್ತಿರುವ ಅಭ್ಯಾಸವು ಮನುಷ್ಯನನ್ನು ಎಷ್ಟು ಬೇಗನೆ ಕಾವಲುಗಾರನನ್ನಾಗಿ ಮಾಡಿಬಿಡುತ್ತದೆಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ನಮ್ಮದು ಬಾಸೆಲ್ ಮಿಷನ್ ಪರಂಪರೆಯ ಸಭೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಮಿಷನರಿಗಳೂ ಅವರ ತರುವಾಯ ಬಂದವರೂ ಜರ್ಮನ್ ರಾಗಗಳಿಗೆ ಕನ್ನಡದ ಮಾತುಗಳನ್ನು ಹೊಂದಿಸಿ, ನಾಲ್ಕು ಧ್ವನಿಗಳಲ್ಲಿ ಕೂಡಿ ಹಾಡುವುದನ್ನು ನಮ್ಮ ಪೂರ್ವಿಕರಿಗೆ ಕಲಿಸಿದಂತೆಯೇ, ಆರಾಧನೆಯಲ್ಲಿ ಹೇಗೆ ಕುಳಿತುಕೊಳ್ಳಬೇಕೆಂಬುದನ್ನೂ ಕಟ್ಟುನಿಟ್ಟಾಗಿ ಕಲಿಸಿದರು. ಮೊದಲ ಗಂಟೆಗೆ ಮನೆ ಬಿಡಬೇಕು, ಎರಡನೆಯ ಗಂಟೆಗೆ ಬೆಂಚಿನಲ್ಲಿರಬೇಕು ಎಂಬುದು ನನ್ನ ಅಜ್ಜಿಯ ನಿಯಮವಾಗಿದ್ದಿತು. ಆಕೆ ಸೆರಗನ್ನು ತಲೆಯ ಮೇಲೆಳೆದುಕೊಂಡು ಕುಳಿತರೆ, ಆಶೀರ್ವಾದದ ಮಾತು ಮುಗಿಯುವ ತನಕ ಬಲಕ್ಕಾಗಲಿ ಎಡಕ್ಕಾಗಲಿ ತಿರುಗುತ್ತಿರಲಿಲ್ಲ. ಆ ನಿಶ್ಚಲತೆಯಲ್ಲಿ ಭಯವೆಷ್ಟು, ಭಕ್ತಿಯೆಷ್ಟು ಎಂದು ಬಾಲಕನಾಗಿದ್ದ ನಾನು ಅರಿಯೆನು. ಆದರೆ ನಿಶ್ಶಬ್ದವೇ ಆರಾಧನೆಯ ತಿರುಳೆಂಬ ಭಾವನೆಯೊಂದು ನನ್ನಲ್ಲಿ ಆಗಲೇ ಬೇರೂರಿತು.

ನಾನು ಹೇಳಹೊರಟಿರುವ ಘಟನೆ ನಡೆದುದು ಆಟಿ ತಿಂಗಳ ಒಂದು ಆದಿತ್ಯವಾರ. ಹೊರಗೆ ಜಡಿಮಳೆ. 1865ರಲ್ಲಿ ಅದೇ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ಈ ಕರಾವಳಿಯ ಎಷ್ಟೋ ಮಾಡುಗಳ ಮೇಲೇರಿದ ಕೆಂಪು ಹಂಚುಗಳೇ ನಮ್ಮ ದೇವಾಲಯದ ಮೇಲೂ ಇದ್ದು, ಮಳೆ ಬಿರುಸಾದಾಗ ಸಭಾಪಾಲಕರಾದ ಅಯ್ಯನವರ ಪ್ರಸಂಗವು ಹಿಂದಿನ ಬೆಂಚುಗಳಿಗೆ ತುಂಡುತುಂಡಾಗಿಯೇ ತಲುಪುವುದು. ಅಂದು ಹೆಂಗಸರ ಕಡೆಯಲ್ಲಿ, ಬಾಗಿಲಿಗೆ ಸಮೀಪದಲ್ಲಿಯೇ, ಒಬ್ಬ ತರುಣಿ ಒಂದು ವರ್ಷವೂ ತುಂಬದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಪಾಪದ ಅರಿಕೆಯ ಹೊತ್ತಿಗೆ ಮಗು ಮುಲುಗಿತು. ವಿಶ್ವಾಸಪ್ರಮಾಣದ ಹೊತ್ತಿಗೆ ಅತ್ತಿತು. ಪ್ರಸಂಗವು ಆರಂಭವಾಗಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ ಅದರ ಅಳು ಮಳೆಯ ಸದ್ದನ್ನೂ ಮೀರಿತು. ನಾನು ಎದ್ದು ಹೋಗಿ, ಬಗ್ಗಿ, "ಮಗುವನ್ನು ಸ್ವಲ್ಪ ಹೊರಗೆ ಕರೆದುಕೊಂಡು ಹೋಗಬಾರದೇನಮ್ಮಾ?" ಎಂದೆನು. ಮಾತು ಮೆಲುವಾಗಿಯೇ ಇದ್ದಿತು; ಮುಖ ಮೆಲುವಾಗಿರಲಿಲ್ಲ. ಅವಳು ಏನೂ ಹೇಳದೆ ಎದ್ದು ಜಗಲಿಗೆ ಹೋದಳು. ಜಗಲಿಯ ಮೇಲೆ ಇರಚಲು ಹೊಡೆಯುತ್ತಿದ್ದುದು ನನಗೆ ಗೊತ್ತಿದ್ದಿತು. ಗೊತ್ತಿದ್ದೂ ಬೆಂಚಿಗೆ ಮರಳಿ ಬಂದು ಕುಳಿತು, ಪಕ್ಕದವರೊಡನೆ ಮಾತನ್ನು ಮುಂದುವರಿಸಿದೆನು.

ಹೌದು, ಮುಂದುವರಿಸಿದೆನು. ಹಂಚು ಸೋರುತ್ತಿದ್ದುದರಿಂದ, ಎಷ್ಟು ಹಂಚು ಬದಲಿಸಬೇಕು, ಪಕ್ಕಾಸುಗಳು ಲಡ್ಡಾಗಿವೆಯೇ, ಹಣವನ್ನು ಬೆಳೆಹಬ್ಬದ ಏಲಂನಿಂದ ತೆಗೆಯಬಹುದೇ ಎಂದು ನಾವು ಮೂವರು ಹಿರಿಯರು ಅಂದು ಆರಾಧನೆಯ ಆದಿಯಿಂದಲೂ ಪಿಸುಗುಟ್ಟುತ್ತಿದ್ದೆವು. ದೇವಾಲಯದ ಕೆಲಸವೇ ಆದುದರಿಂದ ಅದು ಸದ್ದೆಂದು ನಮಗೆ ತೋರಲಿಲ್ಲ.

ಆ ತರುಣಿ ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಎರಡು ತಿಂಗಳ ಮೇಲೆ ಅಯ್ಯನವರು ಮನೆಭೇಟಿಗೆ ಹೊರಟಾಗ ನಾನೂ ಜೊತೆಗೂಡಿದೆನು. ಗಂಡ ಗಲ್ಫಿನಲ್ಲಿ ದುಡಿಯುತ್ತಿದ್ದನು. ಮನೆಯಲ್ಲಿ ಅವಳೂ ಮಗುವೂ ಕಣ್ಣು ಮಂಜಾದ ಅತ್ತೆಯೂ ಮಾತ್ರ. ಕಾಫಿ ಕೊಟ್ಟು, ಅಯ್ಯನವರು ಕೇಳಿದುದಕ್ಕೆ, ನನ್ನ ಕಡೆಗೇ ನೋಡುತ್ತ ಅವಳೆಂದಳು: "ಮಗು ಸ್ವಲ್ಪ ದೊಡ್ಡದಾಗಲಿ ಅಂತ ಇದ್ದೇನೆ ಅಂಕಲ್. ಅಲ್ಲಿವರೆಗೆ ನಿಮಗೆಲ್ಲ ಯಾಕೆ ತೊಂದರೆ?" ಆ ಮಾತಿನಲ್ಲಿ ಕೋಪದ ಲೇಶವೂ ಇರಲಿಲ್ಲ. ಇದ್ದಿದ್ದರೆ ನನಗೆ ಸಹಿಸುವುದು ಸುಲಭವಾಗುತ್ತಿದ್ದಿತು.

ಆ ರಾತ್ರಿ ನಾನು ಸಮುವೇಲನ ಮೊದಲನೆಯ ಗ್ರಂಥದ ಆದಿಭಾಗವನ್ನು ಓದಿದೆನು. ಶೀಲೋವಿನ ಆಲಯದಲ್ಲಿ ಮಕ್ಕಳಿಲ್ಲದ ಹನ್ನಳು ಮನೋವ್ಯಥೆಯಿಂದ ಪ್ರಾರ್ಥಿಸುತ್ತಿರುವಾಗ, ತುಟಿ ಮಾತ್ರ ಅಲುಗಿ ಧ್ವನಿ ಕೇಳಿಸದಿದ್ದುದರಿಂದ, ಬಾಗಿಲ ನಿಲುವಿನ ಬಳಿ ಪೀಠದಲ್ಲಿ ಕುಳಿತಿದ್ದ ಯಾಜಕನಾದ ಏಲಿಯು ಅವಳನ್ನು ಕುಡಿದವಳೆಂದೇ ಭಾವಿಸಿ ಗದರಿಸುತ್ತಾನೆ. ಎಷ್ಟೋ ಸಲ ಓದಿದ್ದ ಕಥೆ. ಆದರೆ ಏಲಿ ಕುಳಿತಿದ್ದುದು ಬಾಗಿಲ ಬಳಿಯಲ್ಲೆಂಬುದನ್ನು ನಾನು ಅಂದಿನವರೆಗೂ ಗಮನಿಸಿರಲಿಲ್ಲ. ಅಲ್ಲಿ ಗದ್ದಲವೇ ಇರಲಿಲ್ಲ. ಕಾಯುವವನ ಕಣ್ಣಿಗೆ ಮೌನಪ್ರಾರ್ಥನೆಯೂ ಅಪರಾಧವಾಗಿ ಕಂಡಿತು. ಮಕ್ಕಳನ್ನು ಕರೆತಂದವರನ್ನು ಯೇಸುವಿನ ಶಿಷ್ಯರು ತಡೆದಾಗ ಗುರುವು ಕೋಪಿಸಿಕೊಂಡುದು ಶಿಷ್ಯರ ಮೇಲೆಯೇ ಎಂಬುದೂ ನೆನಪಾಯಿತು. ತ್ರೋವದಲ್ಲಿ ಪೌಲನ ದೀರ್ಘ ಪ್ರಸಂಗದ ನಡುವೆ ಕಿಟಕಿಯಲ್ಲಿ ಕುಳಿತು ನಿದ್ರೆಹೋಗಿ ಮೂರನೆಯ ಅಂತಸ್ತಿನಿಂದ ಬಿದ್ದ ಯೂತಿಕನೆಂಬ ಯುವಕನನ್ನು ಪೌಲನು ಬೈದನೆಂದು ಎಲ್ಲಿಯೂ ಬರೆದಿಲ್ಲ. ಇಳಿದುಹೋಗಿ ತಬ್ಬಿಕೊಂಡನೆಂದು ಬರೆದಿದೆ.

ಹೀಗೆಂದ ಮಾತ್ರಕ್ಕೆ ದೇವಾಲಯದಲ್ಲಿ ಹೇಗಿದ್ದರೂ ಸರಿಯೆಂದು ನಾನು ಹೇಳಲಾರೆನು. ಇಂದಿನ ಆರಾಧನೆಗಳಲ್ಲಿ ಮೊಬೈಲಿನ ಹಾವಳಿ ನನ್ನನ್ನು ನಿಜವಾಗಿಯೂ ನೋಯಿಸುತ್ತದೆ. ಸದ್ದಡಗಿಸಿಟ್ಟ ಮೊಬೈಲು ಸಹ ಮರದ ಬೆಂಚಿನ ಮೇಲೆ ನಡುಗಿದರೆ ಆ ಸಾಲಿನವರೆಲ್ಲರ ಪ್ರಾರ್ಥನೆ ಕದಲುತ್ತದೆ. ಪ್ರಾರ್ಥನೆಯ ನಡುವೆ ಬಂದವರು ಬಾಗಿಲಲ್ಲಿಯೇ ನಿಂತು, ಹಾಡು ಏಳುವಾಗ ಒಳಬಂದರೆ ಯಾರಿಗೂ ಬಾಧೆಯಿಲ್ಲ. ಮದುವೆಗಳಲ್ಲಂತೂ ವಿಡಿಯೋದವರು ವೇದಿಯ ಮುಂದೆ ಅಡ್ಡ ನಿಂತು, ವಧೂವರರ ಪ್ರತಿಜ್ಞೆಯನ್ನು ಸಭೆ ಅವರ ಬೆನ್ನಿನ ಹಿಂದಿನಿಂದ ಕೇಳುವಂತಾಗುವುದನ್ನು ಕಂಡಾಗ, ಅಜ್ಜಿಯ ಕಾಲದ ಕಟ್ಟುನಿಟ್ಟು ಮರಳಿ ಬರಬಾರದೇ ಎನಿಸುತ್ತದೆ. ಆದರೆ ಇವೆಲ್ಲವೂ ಉದಾಸೀನದಿಂದ ಹುಟ್ಟುವ ಸದ್ದುಗಳು. ಹಸಿದ ಮಗುವಿನ ಅಳು, ಉಬ್ಬಸದ ಮುದುಕನ ಕೆಮ್ಮು, ಬುದ್ಧಿ ಬೆಳೆಯದ ಹುಡುಗನು ಎಲ್ಲರೂ ಮುಗಿಸಿದ ಮೇಲೆ ಒಬ್ಬನೇ ಗಟ್ಟಿಯಾಗಿ ಹೇಳುವ ಆಮೆನ್ — ಇವು ಆ ಜಾತಿಯವಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದುದೇ ನನ್ನ ತಪ್ಪು. ಅದಕ್ಕಿಂತಲೂ, ತೂಗುವ ಕೈ ನನ್ನದೇ ಎಂದು ತಿಳಿದುದು.

ಆ ಮನೆಭೇಟಿಯ ಬಳಿಕ ನಾವು ಮೂವರು ಹಿರಿಯರೂ ಬೇರೆಬೇರೆ ಬೆಂಚುಗಳಲ್ಲಿ ಕುಳಿತುಕೊಳ್ಳತೊಡಗಿದೆವು. ಹಂಚು, ಪಕ್ಕಾಸು, ಏಲಂಗಳ ಮಾತಿಗೆ ಆರಾಧನೆಯ ಬಳಿಕ ಕಾಲುಗಂಟೆಯನ್ನು ತೆಗೆದಿಟ್ಟೆವು. ಬಾಗಿಲ ಪಕ್ಕದ ಗಾಳಿಯಾಡುವ ಬೆಂಚನ್ನು ಎಳೆಮಕ್ಕಳ ತಾಯಂದಿರಿಗೆ ಬಿಟ್ಟುಕೊಟ್ಟು, ಪಕ್ಕದ ಕೊಠಡಿಯಲ್ಲಿ ತೊಟ್ಟಿಲಿಗೊಂದು ಹಗ್ಗವನ್ನೂ ಕಟ್ಟಿಸಿದೆವು. ಇಷ್ಟನ್ನು ಹೇಳುವುದಕ್ಕೆ ನಾನೇ ಆ ಮನೆಗೆ, ಈ ಬಾರಿ ಅಯ್ಯನವರಿಲ್ಲದೆ, ಪತ್ನಿಯೊಡನೆ ಹೋದೆನು. ಕ್ಷಮೆ ಕೇಳುವುದಕ್ಕೆ ನಾಲಗೆ ತಡವರಿಸಿತು, ಕೇಳಿದೆನು.

1947ರಲ್ಲಿ ಮದರಾಸಿನಲ್ಲಿ ಉದಯವಾದ ದಕ್ಷಿಣ ಭಾರತ ಸಭೆಯು, ಮೂರು ವರ್ಷಗಳ ತರುವಾಯ ರೂಪಿಸಿಕೊಂಡ ಕರ್ತನ ಭೋಜನದ ಕ್ರಮದಲ್ಲಿ, ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಒಂದು ಪ್ರಾಚೀನ ಪದ್ಧತಿಯನ್ನು ಮರಳಿ ತಂದಿತು: ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈಗೆ ತಾಗಿ, ಇಬ್ಬರ ಎಡಗೈಗಳೂ ಅವುಗಳನ್ನು ಮುಚ್ಚುತ್ತವೆ. ನಮ್ಮ ಸಭೆಯಲ್ಲಿಯೂ ಅದೇ ಕ್ರಮ. ನಾನು ಹೇಳಿದ ಘಟನೆ ನಡೆದ ವರ್ಷದ ಕ್ರಿಸ್ಮಸ್ಸಿಗೆ ಮುಂಚಿನ ಒಂದು ಆದಿತ್ಯವಾರ ವೇದಿಯಿಂದ ಹೊರಟ ಸಮಾಧಾನವನ್ನು ಹಿಂದಿನ ಬೆಂಚುಗಳಿಗೆ ಒಯ್ಯುವ ಸರದಿ ನನ್ನದಾಗಿದ್ದಿತು. ಬಾಗಿಲ ಬಳಿಯ ಬೆಂಚಿನಲ್ಲಿ ಅವಳಿದ್ದಳು. ಅವಳ ಎಡಗೈ ಮಗುವನ್ನು ಹಿಡಿದಿದ್ದುದರಿಂದ ಬಲಗೈಯನ್ನು ಮಾತ್ರ ಚಾಚಿದಳು. ಅವಳ ಎಡಗೈ ಬರಬೇಕಾಗಿದ್ದ ಸ್ಥಳದಲ್ಲಿ ಮಗು ತನ್ನ ಒದ್ದೆಯಾದ ಅಂಗೈಯನ್ನಿಟ್ಟು, ಏನೋ ಒಂದು ಸದ್ದನ್ನು ಗಟ್ಟಿಯಾಗಿಯೇ ಮಾಡಿತು. ಮುಂದಿನ ಸಾಲಿನವರು ತಿರುಗಿ ನೋಡಿದರು.