ಬೆಟ್ಟದ ಹಾದಿಯ ಸವಾರ

ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಣ ಸಮುದ್ರದಲ್ಲಿ ಮ್ಯಾನ್ ಎಂಬ ಪುಟ್ಟ ದ್ವೀಪವಿದೆ. ಯುದ್ಧ ಮತ್ತು ಸಾಂಕ್ರಾಮಿಕ ರೋಗಗಳ ಕಾಲವನ್ನು ಬಿಟ್ಟರೆ, 1907ರಿಂದಲೂ ಅಲ್ಲಿ ಟಿ.ಟಿ. ಎಂಬ ಹೆಸರಿನ ಮೋಟಾರುಸೈಕಲ್ ಪಂದ್ಯಗಳು ನಡೆಯುತ್ತ ಬಂದಿವೆ. ಇವಕ್ಕೆ ಪ್ರತ್ಯೇಕವಾದ ಕ್ರೀಡಾಂಗಣವಿಲ್ಲ. ಜನರು ದಿನನಿತ್ಯ ಓಡಾಡುವ ರಸ್ತೆಯನ್ನೇ ಮುಚ್ಚಿ, ಅದನ್ನು ಪಂದ್ಯದ ಹಾದಿಯನ್ನಾಗಿ ಮಾಡುತ್ತಾರೆ. ಒಂದು ಸುತ್ತಿಗೆ ಸುಮಾರು 60 ಕಿಲೋಮೀಟರ್ ದೂರ. ಇನ್ನೂರಕ್ಕೂ ಹೆಚ್ಚು ತಿರುವುಗಳು. ಒಂದೆಡೆ ಮನೆಗಳ ಗೋಡೆ, ಇನ್ನೊಂದೆಡೆ ಕಲ್ಲಿನ ಬೇಲಿ. ಮುಂದೆ ಸ್ನೇಫೆಲ್ ಬೆಟ್ಟದ ಮಂಜು. ಈ ಹಾದಿಯಲ್ಲಿ ಇದುವರೆಗೆ ಇನ್ನೂರೈವತ್ತಕ್ಕೂ ಹೆಚ್ಚು ಸವಾರರು ಪ್ರಾಣ ತೆತ್ತಿದ್ದಾರೆ.

ಇಂತಹ ಹಾದಿಯಲ್ಲಿ ಇಪ್ಪತ್ತಾರು ಬಾರಿ ಗೆದ್ದವನು ಜೋಯಿ ಡನ್‌ಲಪ್. ಆತ ಹುಟ್ಟಿದ್ದು 1952ರಲ್ಲಿ, ಉತ್ತರ ಐರ್ಲೆಂಡಿನ ಬ್ಯಾಲಿಮನಿ ಎಂಬ ಊರಿನ ಬಳಿ. ಮನೆಯವರು ಸಿರಿವಂತರಲ್ಲ. ತಾರುಣ್ಯದಲ್ಲಿ ಆತ ಡೀಸೆಲ್ ಯಂತ್ರಗಳ ದುರಸ್ತಿಯ ಕೆಲಸ ಮಾಡುತ್ತಿದ್ದ. ಯಂತ್ರದ ಸದ್ದನ್ನು ಕೇಳಿಯೇ ಅದರ ರೋಗವನ್ನರಿಯುವ ಜಾಣ್ಮೆ ಕೆಲಸಗಾರನಿಗೆ ಒಲಿಯುವುದು ಹೀಗೆಯೇ. ಮುಂದೆ ಹೋಂಡಾದಂತಹ ದೊಡ್ಡ ಸಂಸ್ಥೆಯ ಸವಾರನಾದ ಮೇಲೂ ಆತ ಕೈಗೆ ಎಣ್ಣೆ ಮಸಿ ಬಳಿದುಕೊಳ್ಳುವುದನ್ನು ಬಿಡಲಿಲ್ಲ. ತಾನೇರುವ ವಾಹನದ ಒಂದೊಂದು ತಿರುಪನ್ನೂ ತಾನೇ ಬಿಗಿದರೆ ಮಾತ್ರ ಆತನಿಗೆ ನೆಮ್ಮದಿ.

1977ರಲ್ಲಿ ಆತನಿಗೆ ಟಿ.ಟಿ.ಯ ಮೊದಲ ಜಯ ದೊರೆಯಿತು. 1980ರಲ್ಲಿ ಆತನ ಭಾವನೂ ಗೆಳೆಯನೂ ಆಗಿದ್ದ ಸವಾರನೊಬ್ಬ ಪಂದ್ಯದಲ್ಲಿ ಮಡಿದ. ದುಃಖದಲ್ಲಿ ಡನ್‌ಲಪ್ ಪಂದ್ಯಗಳನ್ನೇ ತೊರೆಯಬೇಕೆಂದು ಯೋಚಿಸಿದ. ಆದರೂ ಅದೇ ವರ್ಷ ಮತ್ತೆ ದ್ವೀಪಕ್ಕೆ ಹೋದ. ಓಟದ ನಡುವೆ ಇಂಧನ ತೊಟ್ಟಿಯನ್ನು ಕಟ್ಟಿದ್ದ ಪಟ್ಟಿ ಹರಿದಾಗ, ತೊಟ್ಟಿಯನ್ನು ಮೊಣಕಾಲುಗಳಿಂದ ಒತ್ತಿ ಹಿಡಿದು ಗುರಿ ಮುಟ್ಟಿ ಗೆದ್ದ. 1985ರಲ್ಲಿ ಪಂದ್ಯಕ್ಕೆಂದು ಹೊರಟಿದ್ದ ಮೀನುಗಾರಿಕೆಯ ದೋಣಿ ಮುಳುಗಿತು. ದೋಣಿಯಲ್ಲಿದ್ದವರೆಲ್ಲರೂ ಪಾರಾದರು. ಆ ವರ್ಷ ಡನ್‌ಲಪ್ ಮೂರು ಪಂದ್ಯಗಳನ್ನು ಗೆದ್ದ! 1982ರಿಂದ 1986ರವರೆಗೆ ಸತತವಾಗಿ ಐದು ಬಾರಿ ಟಿ.ಟಿ. ಫಾರ್ಮುಲಾ ಒನ್ ವಿಭಾಗದ ವಿಶ್ವ ವಿಜೇತನೂ ಆದ.

ಕೀರ್ತಿ ಬಂದರೂ ಆತನ ನಡೆನುಡಿ ಬದಲಾಗಲಿಲ್ಲ. ಮಿತಭಾಷಿ; ಸಭೆ ಸಮಾರಂಭಗಳೆಂದರೆ ಸಂಕೋಚ. ಹೆಂಡತಿ, ಐದು ಮಂದಿ ಮಕ್ಕಳು, ಊರಿನಲ್ಲೊಂದು ಪಾನಗೃಹ - ಇಷ್ಟೇ ಆತನ ಪ್ರಪಂಚ. ಆದರೆ ತನ್ನ ಮಕ್ಕಳನ್ನು ಪ್ರೀತಿಸಿದವನು ಪರರ ಮಕ್ಕಳ ಅಳಲನ್ನೂ ಅರಿತನು. ರುಮೇನಿಯಾದ ಅನಾಥಾಲಯಗಳಲ್ಲಿ ಮಕ್ಕಳು ಪಡುತ್ತಿದ್ದ ಕಷ್ಟವನ್ನು ತಿಳಿದು, ಆಹಾರ, ಬಟ್ಟೆಗಳನ್ನು ವಾಹನದಲ್ಲಿ ತುಂಬಿಕೊಂಡು ತಾನೇ ನಡೆಸಿಕೊಂಡು ಹೋದ. ಬಾಸ್ನಿಯಾ, ಅಲ್ಬೇನಿಯಾಗಳಿಗೂ ಹೋದ. ಈ ಸೇವೆಗಾಗಿ 1996ರಲ್ಲಿ ಬ್ರಿಟನ್ ಸರ್ಕಾರ ಆತನಿಗೆ ಒ.ಬಿ.ಇ. ಎಂಬ ಗೌರವವನ್ನು ನೀಡಿತು.

2000ದ ಜೂನ್ ತಿಂಗಳಿನಲ್ಲಿ, ತನ್ನ ನಲವತ್ತೆಂಟನೆಯ ವಯಸ್ಸಿನಲ್ಲಿ, ಡನ್‌ಲಪ್ ಮತ್ತೆ ಮೂರು ಟಿ.ಟಿ. ಪಂದ್ಯಗಳನ್ನು ಗೆದ್ದ. ಅಲ್ಲಿಗೇ ನಿಂತಿದ್ದರೆ! ಆದರೆ ನಿಲ್ಲುವುದು ಆತನ ಸ್ವಭಾವವಾಗಿರಲಿಲ್ಲ. ಜುಲೈ 2ರಂದು ಎಸ್ಟೋನಿಯಾದ ಟ್ಯಾಲಿನ್ ನಗರದಲ್ಲಿ ಎರಡು ಪಂದ್ಯಗಳನ್ನು ಗೆದ್ದು ಮೂರನೆಯದರಲ್ಲಿ ಮುಂದಿದ್ದಾಗ, ಮಳೆಯಿಂದ ತೊಯ್ದ ರಸ್ತೆಯಲ್ಲಿ ವಾಹನ ಹಿಡಿತ ತಪ್ಪಿ ಮರಗಳಿಗೆ ಅಪ್ಪಳಿಸಿತು. ಡನ್‌ಲಪ್ ಅಲ್ಲಿಯೇ ಅಸುನೀಗಿದ. ಆತನ ಅಂತ್ಯಯಾತ್ರೆಗೆ ಸುಮಾರು ಐವತ್ತು ಸಾವಿರ ಜನರು ನೆರೆದರು.

ಇಂತಹ ಬಾಳನ್ನು ಹೇಗೆ ಅಳೆಯಬೇಕು? ತಂದೆಯನ್ನು ಕಳೆದುಕೊಂಡ ಐವರು ಮಕ್ಕಳ ಪಾಲಿಗೆ ಇಪ್ಪತ್ತಾರು ಜಯಗಳು ಸಮನಾದ ಪರಿಹಾರವೆಂದು ಯಾರು ಹೇಳಬಲ್ಲರು? ಆದರೆ ಗ್ಯಾರೇಜು ಮತ್ತು ಹಾದಿಗಳನ್ನು ಬಿಟ್ಟು ಸುಮ್ಮನೆ ಕುಳಿತಿದ್ದರೆ ಆತ ಡನ್‌ಲಪ್ ಆಗಿ ಉಳಿಯುತ್ತಲೂ ಇರಲಿಲ್ಲ. ಆತನ ತಮ್ಮ ರಾಬರ್ಟ್ ಕೂಡ 2008ರಲ್ಲಿ ಇದೇ ಆಟದಲ್ಲಿ ಮಡಿದ. ರಾಬರ್ಟನ ಮಗ ಮೈಕೇಲ್ 2024ರಲ್ಲಿ ದೊಡ್ಡಪ್ಪನ ದಾಖಲೆಯನ್ನು ಮೀರಿಸಿದ. ಒಲವು, ಅಪಾಯಗಳೆರಡೂ ಆ ಮನೆತನದಲ್ಲಿ ಜೊತೆಯಾಗಿಯೇ ಬಂದಿವೆ.

ದ್ವೀಪದ ಹಾದಿಯ ಇಪ್ಪತ್ತಾರನೆಯ ಮೈಲಿಗಲ್ಲಿಗೆ ಇಂದು ಜೋಯಿಯ ಹೆಸರಿದೆ. ಬೆಟ್ಟದ ಮೇಲೆ ಆತನ ಪ್ರತಿಮೆಯಿದೆ. ಆತನಿಂದ ನಾವು ಕಲಿಯಬೇಕಾದುದು ವೇಗವನ್ನಲ್ಲ. ಕೈಯ ಕೆಲಸದಲ್ಲಿ ಶ್ರದ್ಧೆ, ಕೀರ್ತಿಯಲ್ಲಿ ವಿನಯ, ದೂರದ ಮಗುವಿನ ಹಸಿವಿಗೂ ಮಿಡಿಯುವ ಹೃದಯ.

ಅಭ್ಯಾಸ

1. ಟಿ.ಟಿ. ಪಂದ್ಯದ ಹಾದಿ ಅಪಾಯಕರವಾಗಿರಲು ಕಾರಣಗಳೇನು?
2. ದುರಸ್ತಿಯ ಕೆಲಸದ ಅನುಭವ ಡನ್‌ಲಪ್‌ಗೆ ಹೇಗೆ ನೆರವಾಯಿತು?
3. ‘ಪರರ ಮಕ್ಕಳ ಅಳಲನ್ನೂ ಅರಿತನು’ - ಈ ಮಾತನ್ನು ಪಾಠದ ಆಧಾರದಿಂದ ವಿವರಿಸಿರಿ.
4. ಅಪಾಯವಿರುವ ಆಟವನ್ನು ಮನೆಯ ಹೊಣೆ ಹೊತ್ತವನು ಆಡಬಹುದೇ? ನಿಮ್ಮ ಅಭಿಪ್ರಾಯವನ್ನು ಕಾರಣಸಹಿತ ಬರೆಯಿರಿ.