ಕಾರಿನ ಎ.ಸಿ. ನಾರಿದರೆ ಸೆಂಟು ಹಚ್ಚಬೇಡಿ

ಎ.ಸಿ. ಹಾಕಿದ ಕೂಡಲೇ ಗಪ್ಪೆಂದು ವಾಸನೆ ಹೊಡೆದರೆ ನೀವು ಮೊದಲು ಮಾಡುವ ಕೆಲಸ ಯಾವುದು ಎಂದು ನನಗೆ ಗೊತ್ತು. ಮಲ್ಲಿಗೆ ಸೆಂಟಿನ ಡಬ್ಬಿ ತಂದು ಗಾಳಿ ಬರುವ ಕಿಂಡಿಗೇ ಸಿಕ್ಕಿಸುತ್ತೀರಿ. ದಯವಿಟ್ಟು ಈ ಅಭ್ಯಾಸ ಬಿಡಿ. ಮೇಲೆ ಥಳಕು, ಒಳಗೆ ಹುಳುಕು ಅನ್ನುವ ಹಾಗಾಗುತ್ತದೆ. ಎರಡು ದಿನಕ್ಕೆ ಮಲ್ಲಿಗೆಯೂ ಮುಗ್ಗಲೂ ಬೆರೆತು ಹಿಂದಿನ ಸೀಟಿನ ಮಗುವಿಗೆ ವಾಂತಿ ಬರುತ್ತದೆ. ಒಳಗೆ ಏನು ಕೆಟ್ಟಿದೆ ಎಂಬ ಸುಳಿವೂ ಮುಚ್ಚಿಹೋಗುತ್ತದೆ. ಮೊದಲು ಮೂಗಿಗೆ ಕೆಲಸ ಕೊಡಿ. ಅದು ಎಂಥ ವಾಸನೆ, ಯಾವಾಗ ಬರುತ್ತದೆ ಎಂದು ಗಮನಿಸಿ.

ಮಳೆಗಾಲದಲ್ಲಿ ಒಣಗದೆ ಉಳಿದ ಬಟ್ಟೆಯ ವಾಸನೆ ಬರುತ್ತಿದ್ದು, ಎ.ಸಿ. ಹಾಕಿದ ಮೊದಲೆರಡು ನಿಮಿಷ ಜೋರಾಗಿದ್ದು ಆಮೇಲೆ ಇಳಿದರೆ ಹೆದರಬೇಡಿ. ನಮ್ಮ ಕಾರುಗಳಲ್ಲಿ ಹೆಚ್ಚಾಗಿ ಕಾಣುವ ತೊಂದರೆಯೇ ಇದು. ಡ್ಯಾಶ್‌ಬೋರ್ಡಿನ ಹಿಂದೆ ಕೂಲಿಂಗ್ ಕಾಯಿಲ್ ಇರುತ್ತದೆ. ಐಸ್ ನೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವಂತೆ ಅದೂ ಬೆವರುತ್ತದೆ. ಆ ಒದ್ದೆಗೆ ಧೂಳು ಅಂಟಿದರೆ ಬೂಷ್ಟು ಹಿಡಿಯದೆ ಇರುತ್ತದೆಯೇ? ನೀವಂತೂ ಮನೆ ಮುಂದೆ ಕಾರು ನಿಲ್ಲಿಸುವ ತನಕ ಎ.ಸಿ. ಓಡಿಸಿ, ಒಮ್ಮೆಗೇ ಕೀ ತಿರುಗಿಸಿ ಇಳಿದುಬಿಡುತ್ತೀರಿ. ರಾತ್ರಿಯಿಡೀ ಅದು ಒಳಗೇ ಒದ್ದೆಯಾಗಿ ಕೂತಿರುತ್ತದೆ. ಇನ್ನು ಮೇಲೆ ಮನೆ ಐದು ನಿಮಿಷ ದೂರವಿರುವಾಗಲೇ ಎ.ಸಿ. ಗುಂಡಿ ಆರಿಸಿ, ಫ್ಯಾನ್ ಮಾತ್ರ ಓಡಲಿ. ಹೊರಗಿನ ಗಾಳಿ ಒಳಗೆ ಬರುವಂತೆ ಇಡಿ. ಸ್ವಲ್ಪ ಸೆಕೆಯಾದೀತು, ಸಹಿಸಿಕೊಳ್ಳಿ.

ಅದೇ ಗಾಳಿ ಒಳಗೊಳಗೇ ಸುತ್ತುವ ಗುಂಡಿಯನ್ನು ವರ್ಷವಿಡೀ ಒತ್ತಿಯೇ ಇಡುವವರಿದ್ದಾರೆ. ಲಾರಿಯ ಹೊಗೆ ಎದುರಾದಾಗ ಒತ್ತಿ, ಲಾರಿ ದಾಟಿದ ಮೇಲೆ ತೆಗೆಯಿರಿ. ಕಿಟಕಿಯೆಲ್ಲ ಮುಚ್ಚಿ ನಾಲ್ಕೈದು ಜನರ ಉಸಿರನ್ನೇ ಸುತ್ತಿಸುತ್ತಿದ್ದರೆ ಓಡಿಸುವವರಿಗೆ ತೂಕಡಿಕೆ ಬರುತ್ತದೆ.

ಇನ್ನು ಕ್ಯಾಬಿನ್ ಫಿಲ್ಟರ್. ಹೆಚ್ಚಿನ ಕಾರುಗಳಲ್ಲಿ ಇದು ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ; ಕೆಲವು ಹಳೆಯ ಮಾಡೆಲ್‌ಗಳಲ್ಲಿ ಇರುವುದೇ ಇಲ್ಲ. ಗ್ಲೋವ್ ಬಾಕ್ಸಿನ ಎರಡೂ ಪಕ್ಕ ಒಳಕ್ಕೆ ಒತ್ತಿದರೆ ಅದು ಕೆಳಗೆ ಜೋತುಬೀಳುತ್ತದೆ. ಹಿಂದಿನ ಉದ್ದನೆಯ ಪ್ಲಾಸ್ಟಿಕ್ ಮುಚ್ಚಳ ತೆಗೆದು ಫಿಲ್ಟರ್ ಎಳೆದು ನೋಡಿ. ಬಿಳಿಯಾಗಿ ಹುಟ್ಟಿದ್ದು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಮಡಿಕೆಗಳ ಸಂದಿಯಲ್ಲಿ ಸತ್ತ ಸೊಳ್ಳೆ, ಕೂದಲು, ಹೊಂಗೆಯ ಹೂವಿನ ಪುಡಿ. ನಿಮ್ಮ ಮನೆಮಂದಿ ಉಸಿರಾಡುವ ಗಾಳಿ ಬರುವುದು ಇದರ ಮೂಲಕವೇ! ವರ್ಷಕ್ಕೊಮ್ಮೆ, ಇಲ್ಲವೇ 10,000ದಿಂದ 15,000 ಕಿಲೋಮೀಟರಿಗೊಮ್ಮೆ ಬದಲಾಯಿಸಿ. ಕಚ್ಚಾ ರಸ್ತೆಯ ಓಡಾಟವಿದ್ದರೆ ಇನ್ನೂ ಬೇಗ. ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಹಾಕುವ ಜಿಪುಣತನ ಬೇಡ. ಹೊಸದು ಹಾಕುವಾಗ ಅದರ ಮೇಲಿನ ಬಾಣದ ಗುರುತು ನೋಡಿಕೊಳ್ಳಿ.

ಸೆಕೆಯ ದಿನ ಎ.ಸಿ. ಓಡುತ್ತಿದ್ದರೆ ಕಾರಿನ ಕೆಳಗೆ ನೀರು ತೊಟ್ಟಿಕ್ಕಬೇಕು, ಅದು ಒಳ್ಳೆಯ ಲಕ್ಷಣ. ಹೊರಗೆ ತೊಟ್ಟಿಕ್ಕದೆ ಮುಂದಿನ ಸೀಟಿನ ಮ್ಯಾಟ್ ಒದ್ದೆಯಾಗಿದ್ದರೆ ನೀರು ಹೋಗುವ ಪೈಪು ಕಟ್ಟಿಕೊಂಡಿದೆ ಎಂದು ತಿಳಿಯಿರಿ. ಮರದಡಿ ನಿಲ್ಲಿಸುವವರು ಮುಂಗಾಜಿನ ಬುಡದ ಜಾಲರಿಯಲ್ಲಿ ಸೇರಿದ ಎಲೆಗಳನ್ನು ವಾರಕ್ಕೊಮ್ಮೆ ಕೈಯಿಂದಲೇ ತೆಗೆದುಹಾಕಿ. ಹೊರಗಿನ ಗಾಳಿ ಒಳಗೆ ಹೋಗುವ ದಾರಿ ಅದೇ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇಲಿಗೂ ಬೆಚ್ಚನೆಯ ಜಾಗ ಅಲ್ಲೇ ಸಿಗುತ್ತದೆ. ಉಚ್ಚೆಯ ಘಾಟೋ ಸತ್ತ ಇಲಿಯ ನಾತವೋ ಬಂದರೆ ಫ್ಯಾನ್ ಹಾಕಬೇಡಿ, ಎಲ್ಲವೂ ನಿಮ್ಮ ಮುಖಕ್ಕೇ ಬರುತ್ತದೆ. ಬಿಚ್ಚಿ ತೊಳೆಸಿ, ಫಿಲ್ಟರ್ ಬದಲಿಸಿ, ವಯರ್ ಕಡಿದಿದೆಯೇ ನೋಡಿಸಿ. ಹಾಗೆಯೇ ತಿಂಡಿಯ ಪೊಟ್ಟಣವನ್ನು ಕಾರಿನಲ್ಲೇ ಬಿಟ್ಟು ಇಳಿಯುವುದನ್ನೂ ನಿಲ್ಲಿಸಿ.

ಈಗ ಹೇಳುವುದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಸಿಹಿಸಿಹಿಯಾದ ವಾಸನೆ ಬಂದು, ಮುಂಗಾಜಿನ ಒಳಬದಿಗೆ ಜಿಡ್ಡಿನಂಥ ಮಂಜು ಕಟ್ಟಿದರೆ ಹೀಟರಿನ ಕಡೆ ಕೂಲೆಂಟ್ ಸೋರುತ್ತಿರಬಹುದು. ಕೂಲೆಂಟ್ ವಿಷ. ನೆಲದ ಮೇಲೆ ಚೆಲ್ಲಿದ್ದರೆ ಮಕ್ಕಳನ್ನೂ ನಾಯಿಬೆಕ್ಕನ್ನೂ ದೂರವಿಡಿ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ.

ಪೆಟ್ರೋಲ್ ವಾಸನೆಯೋ ವಯರ್ ಸುಟ್ಟ ವಾಸನೆಯೋ ಬಂದರೆ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ಇಳಿದು ದೂರ ನಿಲ್ಲಿ. ಚಾರ್ಮಾಡಿ, ಆಗುಂಬೆ ಇಳಿಯುವಾಗ ಬರುವ ಸುಟ್ಟ ವಾಸನೆ ಹೆಚ್ಚಾಗಿ ಬ್ರೇಕಿನದು. ಜಾಗ ನೋಡಿ ನಿಲ್ಲಿಸಿ, ತಣಿಯಲು ಬಿಡಿ, ಆಮೇಲೆ ಕೆಳಗಿನ ಗೇರಿನಲ್ಲಿ ಇಳಿಯಿರಿ. ಸೈಲೆನ್ಸರಿನ ಹೊಗೆ ಒಳಗೆ ಬರುತ್ತಿದ್ದರೆ ಕಿಟಕಿಗಳನ್ನೆಲ್ಲ ಇಳಿಸಿ ನೇರವಾಗಿ ಗ್ಯಾರೇಜಿಗೆ ಹೋಗಿ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ಮಂಪರು ಬಂದು ಮನುಷ್ಯ ಕೂತಲ್ಲೇ ಪ್ರಾಣ ಬಿಡುತ್ತಾನೆ. ನಿಂತ ಕಾರಿನಲ್ಲಿ ಎ.ಸಿ. ಹಾಕಿಕೊಂಡು ಮಲಗುವವರು, ಅದರಲ್ಲೂ ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಮಲಗುವವರು ಇಂದೇ ಆ ಚಾಳಿ ಬಿಡಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ.

ಗ್ಯಾರೇಜಿಗೆ ಹೋದಾಗ ‘ಎ.ಸಿ. ಸರಿಯಿಲ್ಲ, ನೋಡಿ’ ಎಂದಷ್ಟೇ ಹೇಳಿ ಕೀ ಕೊಟ್ಟು ಬರಬೇಡಿ. ಗ್ಯಾಸ್ ತುಂಬಿಸಿದರೆ ಬೂಷ್ಟಿನ ವಾಸನೆ ಹೋಗುವುದಿಲ್ಲ. ಡ್ಯಾಶ್‌ಬೋರ್ಡ್ ಬಿಚ್ಚಬೇಕು ಎಂದು ಮೊದಲೇ ಶುರುಮಾಡಿದರೆ ತಡೆಯಿರಿ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ? ಮೊದಲು ಫಿಲ್ಟರ್, ಆಮೇಲೆ ಪೈಪು, ಅದಾದ ಮೇಲೆ ಕಾಯಿಲ್‌ಗೆ ಹೊಡೆಯುವ ಕ್ಲೀನರ್ ನೊರೆ. ಇಷ್ಟಕ್ಕೂ ಬಗ್ಗದಿದ್ದರೆ ಬಿಚ್ಚಲಿ. ವಾಸನೆ ಎಂಥದ್ದು, ಎಷ್ಟು ಹೊತ್ತು ಇರುತ್ತದೆ, ಹೊರಗಾಳಿ ತೆರೆದಾಗಲೋ ಮುಚ್ಚಿದಾಗಲೋ ಎಂದು ಬಿಡಿಸಿ ಹೇಳಿ. ಬದಲಾಯಿಸಿದ ಹಳೇ ಫಿಲ್ಟರನ್ನು ತೋರಿಸಿ ಎಂದು ಕೇಳಿ. ಸಂಕೋಚ ಯಾಕೆ, ದುಡ್ಡು ಕೊಡುವವರು ನೀವಲ್ಲವೇ?