ಛೇದದಲ್ಲಿ ಯಾರಿದ್ದಾರೆ ನೋಡು

ರಸ್ತೆ ಅಪಘಾತದ ಸಾವುಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿ ಮಾದರಿ ಕಟ್ಟಲು ಹೊರಟಿದ್ದೀಯಲ್ಲಮ್ಮಾ, ಮಾಡಬೇಕಾದ ಕೆಲಸ. ಲ್ಯಾಪ್‌ಟಾಪ್ ತೆರೆಯುವ ಮೊದಲು ಎರಡು ಮಾತು ಕೇಳಿಸಿಕೋ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ವರದಿಯಲ್ಲಿ 1,68,491 ಸಾವುಗಳಿವೆ. ಅವರಲ್ಲಿ ಶೇ. 66.5ರಷ್ಟು ಮಂದಿ 18ರಿಂದ 45ರೊಳಗಿನವರು. ಇದನ್ನು ಕಂಡ ಕೂಡಲೇ ಯುವಕರಿಗೇ ಅಪಾಯ ಹೆಚ್ಚು ಎಂದು ಬರೆದುಬಿಡಬೇಡ. ಸತ್ತವರ ಎಣಿಕೆ ಬರೀ ಅಂಶ. ಅದರ ಕೆಳಗೊಂದು ಛೇದ ಬೇಕು. ಜನಸಂಖ್ಯೆಯಿಂದ ಭಾಗಿಸು. ದೇಶದಲ್ಲಿ ಈ ವಯಸ್ಸಿನವರು ಅರ್ಧಕ್ಕಿಂತ ಕಡಿಮೆ, ಹಾಗಾಗಿ ಆಗಲೂ ಅವರ ದರ ಮೇಲೇ ಉಳಿಯುತ್ತದೆ. ಆದರೆ ದಿನಾ ಬೈಕ್ ಹತ್ತಿ ಕೆಲಸಕ್ಕೆ ಹೋಗುವವರು, ರಾತ್ರಿಯೆಲ್ಲ ಲಾರಿ ಓಡಿಸುವವರು ಹೆಚ್ಚಾಗಿ ಅವರೇ ಅಲ್ಲವೇ? ಓಡಿಸಿದ ಕಿಲೋಮೀಟರಿನ ಲೆಕ್ಕ ಇಟ್ಟಿರುವ ಅಮೆರಿಕದಂಥ ಕಡೆ ಗೆರೆಯ ಆಕಾರವೇ ಬೇರೆ: ಹೊಸದಾಗಿ ಗಾಡಿ ಕಲಿತವರಲ್ಲಿ ಎತ್ತರ, ನಡುವಯಸ್ಸಿನಲ್ಲಿ ಇಳಿತ, ಎಪ್ಪತ್ತು ದಾಟಿದ ಮೇಲೆ ಮತ್ತೆ ಏರಿಕೆ. ಛೇದ ಬದಲಾದರೆ ಕಾಪಾಡಬೇಕಾದವರು ಯಾರು ಎನ್ನುವ ಉತ್ತರವೂ ಬದಲಾಗುತ್ತದೆ. ಯಾವುದರಿಂದ ಭಾಗಿಸಿದೆ, ಏಕೆ ಎನ್ನುವುದನ್ನು ವರದಿಯ ಮೊದಲ ಪುಟದಲ್ಲೇ ಬರೆ.

ಆ ವರದಿಯ ವಯೋಗುಂಪುಗಳನ್ನೂ ಒಮ್ಮೆ ಗಮನಿಸು. 18ರಿಂದ 25ಕ್ಕೆ ಏಳು ವರ್ಷ, 45ರಿಂದ 60ಕ್ಕೆ ಹದಿನೈದು ವರ್ಷ. ಅಕ್ಕಪಕ್ಕ ಕಂಬ ಎಳೆದು ಹೋಲಿಸಿದರೆ ತಪ್ಪಾಗುತ್ತದೆ.

ಇನ್ನು ಆ ವಯಸ್ಸು ಕಾಗದಕ್ಕೆ ಬಂದದ್ದು ಹೇಗೆ? ಆಧಾರ್ ಕಾರ್ಡ್ ಜೇಬಿನಲ್ಲಿದ್ದರೆ ಸರಿ. ಇಲ್ಲದಿದ್ದರೆ ಶವಾಗಾರದ ಮುಂದೆ ಅಳುತ್ತ ನಿಂತ ಬಾಮೈದನನ್ನು ಕೇಳಬೇಕು, ಅವನು ಮೂವತ್ತೈದಿರಬಹುದು ಸಾರ್ ಎನ್ನುತ್ತಾನೆ. ಯಾರೂ ಬಾರದಿದ್ದರೆ ಸುಮಾರು 40 ವರ್ಷದ ಅಪರಿಚಿತ ಗಂಡಸು ಎಂದು ಬರೆಯುತ್ತಾರೆ. ಹಾಗಾಗಿ ಸೊನ್ನೆ, ಐದರಲ್ಲಿ ಮುಗಿಯುವ ವಯಸ್ಸುಗಳಲ್ಲಿ ರಾಶಿ ಬೀಳುತ್ತದೆ. ಗುಂಪುಗಳ ಗಡಿಯೂ 25, 35, 45ರಲ್ಲೇ ಇರುವುದರಿಂದ ಆ ರಾಶಿ ಯಾವ ಕಡೆಗೆ ಬಿತ್ತು ಎನ್ನುವುದರ ಮೇಲೆ ನಿನ್ನ ಗೆರೆ ಏಳುತ್ತದೆ, ಬೀಳುತ್ತದೆ. ಮೂಲ ವಯಸ್ಸು ಸಿಕ್ಕರೆ ಒಂದೊಂದು ವರ್ಷದಂತೆ ಬಿಡಿಸಿ ಒಮ್ಮೆ ಕಣ್ಣಾಡಿಸು.

ಮಾದರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನೀನು ಓದಿದ್ದೀಯ. ಸಂಖ್ಯಾಶಾಸ್ತ್ರಜ್ಞ ಬೋರ್ಟ್‌ಕೀವಿಚ್ 1898ರಲ್ಲಿ ಪ್ರಷ್ಯದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕವನ್ನು ಪ್ವಾಸಾನ್ ಹಂಚಿಕೆಗೆ ಹೊಂದಿಸಿ ತೋರಿಸಿದ. ಅಲ್ಲಿ ಸಾವುಗಳು ಒಂದೊಂದಾಗಿ ಬರುತ್ತಿದ್ದವು. ನಮ್ಮಲ್ಲಿ ಒಂದು ಟೆಂಪೊ ಉರುಳಿದರೆ ಹತ್ತು ಜನ ಒಟ್ಟಿಗೆ ಹೋಗುತ್ತಾರೆ. ಏರಿಳಿತ ಸರಾಸರಿಯನ್ನು ಮೀರುತ್ತದೆ. ನೆಗೆಟಿವ್ ಬೈನಾಮಿಯಲ್ ಕೂಡ ಹಾಕಿ ನೋಡು.

ನನ್ನನ್ನು ಹೆಚ್ಚು ಕಾಡುವುದು ಮುದುಕರ ಸಾಲು. ಅಪಘಾತವಾಗಿ ಮೂವತ್ತು ದಿನದೊಳಗೆ ಸತ್ತರೆ ಮಾತ್ರ ಅದು ರಸ್ತೆ ಸಾವು. ಹಾಲು ತರಲು ಹೊರಟ ಎಪ್ಪತ್ತೆರಡರ ಅಜ್ಜಿಗೆ ಸ್ಕೂಟರ್ ತಗುಲಿ ಸೊಂಟದ ಮೂಳೆ ಮುರಿಯುತ್ತದೆ ಎಂದುಕೋ. ಮೂವತ್ತರವನಾದರೆ ಎದ್ದು ಓಡಾಡುತ್ತಾನೆ. ಅಜ್ಜಿ ಹಾಸಿಗೆ ಹಿಡಿದು, ಶ್ವಾಸಕೋಶಕ್ಕೆ ಸೋಂಕು ತಗುಲಿ, ಎರಡನೇ ತಿಂಗಳು ತೀರಿಕೊಳ್ಳುತ್ತಾರೆ. ನಿನ್ನ ಕೋಷ್ಟಕದಲ್ಲಿ ಅವರಿಲ್ಲ. ಅವರಿಲ್ಲವೆಂದ ಮೇಲೆ ಆ ರಸ್ತೆಗೆ ಫುಟ್‌ಪಾತೂ ಇಲ್ಲ, ಸಿಗ್ನಲ್ಲೂ ಇಲ್ಲ. ಅರವತ್ತು ದಾಟಿದವರ ಅಂಕಿ ಚಿಕ್ಕದಾಗಿ ಕಂಡಾಗ ಈ ಮಾತನ್ನು ಅದರ ಪಕ್ಕದಲ್ಲೇ ಬರೆ, ಅಡಿಟಿಪ್ಪಣಿಗೆ ತಳ್ಳಬೇಡ.

ಆ ವರದಿಯಲ್ಲಿ 18ರ ಕೆಳಗಿನವರನ್ನೆಲ್ಲ ಒಂದೇ ಸಾಲಿಗೆ ಸೇರಿಸಿದ್ದಾರೆ. ಅಪ್ಪನ ಬೈಕಿನ ಟ್ಯಾಂಕ್ ಮೇಲೆ ಹೆಲ್ಮೆಟ್ ಇಲ್ಲದೆ ಕೂತಿದ್ದ ನಾಲ್ಕು ವರ್ಷದ ಮಗುವೂ ಅಲ್ಲೇ, ಲೈಸೆನ್ಸಿಲ್ಲದೆ ಗಾಡಿ ಓಡಿಸಿದ ಹದಿನೇಳರ ಹುಡುಗನೂ ಅಲ್ಲೇ. ಒಬ್ಬರಿಗೆ ಬೇಕಾದ ಕಾನೂನು ಇನ್ನೊಬ್ಬರನ್ನು ಉಳಿಸುವುದಿಲ್ಲ. ನಿಮ್ಮ ಜಿಲ್ಲೆಯ ಎಸ್‌ಪಿ ಕಚೇರಿಗೆ ಅರ್ಜಿ ಕೊಟ್ಟು, ಸತ್ತವರ ವಯಸ್ಸಿರುವ, ಹೆಸರು ತೆಗೆದ ಪಟ್ಟಿ ಕೇಳು. ಕೊಡುವುದಿಲ್ಲ ಎಂದರೆ ಮತ್ತೊಮ್ಮೆ ಹೋಗಿ ಕೇಳು.